ಜಪಾನಿನ 101 ಸರಣಿಯ ಲೋಕಲ್ ರೈಲು: ಪದೇ ಪದೇ ಕೇಳುವ ಪ್ರಶ್ನೆಗಳು

ಟೋಕಿಯೊದ ಕಿತ್ತಳೆ ಬಣ್ಣದ ಲೋಕಲ್ ಗಾಡಿ ಎಂದ ಕೂಡಲೇ ರೈಲುಪ್ರಿಯರ ಬಾಯಿಗೆ ಬರುವುದು 103 ಅಥವಾ 201 ಸರಣಿಯ ಹೆಸರು. ಆ ಎರಡಕ್ಕೂ ದಾರಿ ಹಾಕಿಕೊಟ್ಟ 101 ಸರಣಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಈ ಗಾಡಿಯ ಚರಿತ್ರೆ ಅದರ ಮೋಟರಿನಲ್ಲಿ ಎಷ್ಟಿದೆಯೋ ಹಳಿಯ ಪಕ್ಕದ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲೂ ಅಷ್ಟೇ ಇದೆ. ಕೆಳಗಿನ ಉತ್ತರಗಳಲ್ಲಿ ಸಬ್‌ಸ್ಟೇಷನ್ ಮಾತು ಮತ್ತೆ ಮತ್ತೆ ಬರುವುದಕ್ಕೆ ಅದೇ ಕಾರಣ.

101 ಸರಣಿ ಎಂದರೆ ಯಾವ ಗಾಡಿ?

ಜಪಾನಿನ ಸರ್ಕಾರಿ ರೈಲ್ವೆ ದೊಡ್ಡ ನಗರಗಳ ಲೋಕಲ್ ಸೇವೆಗೆಂದು 1957ರಿಂದ 1969ರವರೆಗೆ ಕಟ್ಟಿಸಿದ ವಿದ್ಯುತ್ ರೈಲು. ಒಟ್ಟು 1535 ಬೋಗಿಗಳು ತಯಾರಾದವು. 1500 ವೋಲ್ಟ್ ಡಿಸಿ ತಂತಿ, 1067 ಮಿಲಿಮೀಟರ್ ಹಳಿ, 20 ಮೀಟರ್ ಉದ್ದದ ಉಕ್ಕಿನ ಬೋಗಿ, ಒಂದೊಂದು ಬದಿಗೆ ನಾಲ್ಕು ಬಾಗಿಲು, ಗಂಟೆಗೆ 100 ಕಿಲೋಮೀಟರ್ ಗರಿಷ್ಠ ವೇಗ. ಹಳಿಯ ಅಗಲ ನಮ್ಮ ಹಳೆಯ ಮೈಸೂರು ಸೀಮೆಯ ಮೀಟರ್ ಗೇಜಿಗಿಂತ 67 ಮಿಲಿಮೀಟರ್ ಮಾತ್ರ ಹೆಚ್ಚು. ಅಷ್ಟು ಕಿರಿದಾದ ಹಳಿಯ ಮೇಲೆ 2.8 ಮೀಟರ್ ಅಗಲದ ಬೋಗಿ ಓಡುತ್ತಿತ್ತು.

ಮೊದಲ 10 ಪ್ರಾಯೋಗಿಕ ಬೋಗಿಗಳು 1957ರ ಜೂನ್‌ನಲ್ಲಿ ಬಂದವು. ಆಗ ಹೆಸರು ‘ಮೊಹಾ 90’. ಅದೇ ವರ್ಷ ಡಿಸೆಂಬರಿನಲ್ಲಿ ಟೋಕಿಯೊದ ಚುಓ ಮಾರ್ಗದಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳತೊಡಗಿತು. 1959ರಲ್ಲಿ ರೈಲ್ವೆ ತನ್ನ ನಂಬರ್ ಪದ್ಧತಿಯನ್ನೇ ಬದಲಿಸಿದಾಗ 101 ಎಂಬ ಹೆಸರು ಬಂತು.

ಹಳೆಯ ಗಾಡಿಗಳಿಗೆ ಏನಾಗಿತ್ತು? ಹೊಸದು ಯಾಕೆ ಬೇಕಾಯಿತು?

ಯುದ್ಧದ ಕಡೆಯ ದಿನಗಳಲ್ಲೂ ಅದರ ಬೆನ್ನಿಗೇ ಬಂದ ವರ್ಷಗಳಲ್ಲೂ ಸಿಕ್ಕ ಸಾಮಗ್ರಿಯಲ್ಲಿ ಕಟ್ಟಿದ 63 ಮಾದರಿಯ ಬೋಗಿಗಳೇ ಆಗ ಟೋಕಿಯೊ, ಒಸಾಕಾ ಲೋಕಲ್‌ಗಳ ಬೆನ್ನೆಲುಬು. 1951ರ ಏಪ್ರಿಲ್ 24ರಂದು ಯೊಕೊಹಾಮಾದ ಸಕುರಗಿಚೊ ನಿಲ್ದಾಣದಲ್ಲಿ ಕಡಿದು ಜೋತುಬಿದ್ದ ತಂತಿಗೆ ಇಂಥದೊಂದು ಗಾಡಿಯ ಪ್ಯಾಂಟೋಗ್ರಾಫ್ (ತಂತಿಯಿಂದ ಕರೆಂಟ್ ಪಡೆಯಲು ಚಾವಣಿಯ ಮೇಲಿರುವ ಚೌಕಟ್ಟು) ಸಿಕ್ಕಿಕೊಂಡು ಬೆಂಕಿ ಹೊತ್ತಿತು. ಕಿಟಕಿ ಮೂರು ಭಾಗದ್ದು, ನಡುವಿನದು ತೆರೆಯದು. ಮನುಷ್ಯ ತೂರುವಷ್ಟು ಜಾಗವೇ ಇಲ್ಲ. ಬಾಗಿಲೂ ತೆರೆಯಲಿಲ್ಲ. 106 ಜನ ಸತ್ತರು. ಆಮೇಲೆ ಆ ಬೋಗಿಗಳನ್ನು ರಿಪೇರಿ ಮಾಡಿ 73 ಎಂದು ಹೆಸರು ಬದಲಿಸಿದರು, ಹೊಸದಾಗಿ ಕಟ್ಟಿದವನ್ನೂ ಸೇರಿಸಿ ಆ ಕುಟುಂಬಕ್ಕೆ 72 ಸರಣಿ ಎನ್ನುತ್ತಾರೆ.

ಸುರಕ್ಷತೆಯ ತೇಪೆ ಹಾಕಿದರೂ ಓಟದ ಸಮಸ್ಯೆ ಹಾಗೇ ಉಳಿಯಿತು. ಆ ಗಾಡಿಗಳಲ್ಲಿ ಮೋಟರಿನ ಅರ್ಧ ಭಾರ ನೇರವಾಗಿ ಗಾಲಿಯ ಅಚ್ಚಿನ ಮೇಲೆ ಕೂತಿರುತ್ತಿತ್ತು. ಹಳಿಯ ಪ್ರತಿ ಕೀಲಿಗೂ ಮೋಟರ್ ಏಟು ತಿನ್ನುತ್ತದೆ, ಹಳಿಯೂ ಏಟು ತಿನ್ನುತ್ತದೆ. ಹೊರಡುವಾಗ ಜಗ್ಗಾಟ, ನಿಲ್ಲುವಾಗ ತಡ. ಇನ್ನೊಂದು ಕಡೆ 1950ರ ದಶಕದ ಕೊನೆಗೆ ಚುಓ ಮಾರ್ಗದ ಬೆಳಗಿನ ನೂಕುನುಗ್ಗಲು ವಿಪರೀತವಾಗಿತ್ತು. 1960ರ ಸುಮಾರಿಗೆ ಗಾಡಿಯ ಸಾಮರ್ಥ್ಯದ ಶೇ. 280ರ ಆಸುಪಾಸು ಜನ ತುಂಬಿಕೊಳ್ಳುತ್ತಿದ್ದರು. ಹೊಸ ಹಳಿ ಹಾಕಲು ಜಾಗವಿಲ್ಲದ ಊರಿನಲ್ಲಿ ಉಳಿದ ಒಂದೇ ಉಪಾಯ: ಗಾಡಿ ಬೇಗ ಹೊರಡಬೇಕು, ಬೇಗ ನಿಲ್ಲಬೇಕು, ಬೇಗ ಜನರನ್ನು ಇಳಿಸಿ ಹತ್ತಿಸಬೇಕು.

101ರಲ್ಲಿ ನಿಜಕ್ಕೂ ಹೊಸದಾಗಿದ್ದದ್ದು ಏನು?

ಮುಖ್ಯವಾಗಿ ನಾಲ್ಕು ಸಂಗತಿ.

ಮೋಟರನ್ನು ಅಚ್ಚಿನಿಂದ ಬಿಡಿಸಿ ಗಾಲಿಚೌಕಟ್ಟಿಗೆ ಕಟ್ಟಿದರು. ಬಾಗುವ ಜೋಡಣೆಯ ಮೂಲಕ ಗೇರಿಗೆ ಶಕ್ತಿ ಹೋಗುತ್ತದೆ. ಇದು ಕಾರ್ಡನ್ ಪದ್ಧತಿ. ಕಿರಿದಾದ ಹಳಿಯಲ್ಲಿ ಎರಡು ಗಾಲಿಗಳ ನಡುವೆ ಮೋಟರಿಗೇ ಜಾಗ ಸಾಲದು, ಜೋಡಣೆಗೆ ಎಲ್ಲಿಂದ ತರುವುದು? ಅದಕ್ಕೆ ಮೋಟರಿನ ಶಾಫ್ಟನ್ನು ಟೊಳ್ಳು ಮಾಡಿ, ತಿರುಗುವ ಕಡ್ಡಿಯನ್ನು ಅದರೊಳಗೇ ಹಾಯಿಸಿದರು. ಈ ಜಾಣತನದಿಂದ ಮೋಟರ್ ಹಗುರವೂ ಆಯಿತು, ವೇಗವಾಗಿ ತಿರುಗುವಂಥದೂ ಆಯಿತು. ಹಳೆಯ 72 ಸರಣಿಯ ಮೋಟರ್ 142 ಕಿಲೋವ್ಯಾಟಿನದು, 101ರ ‘ಎಂಟಿ46’ ಬರೀ 100 ಕಿಲೋವ್ಯಾಟ್. ಸಂಖ್ಯೆ ನೋಡಿ ಹಿಂದೆ ಹೋದರು ಎಂದುಕೊಳ್ಳಬೇಡಿ. ಹಗುರವಾದ ಮೋಟರುಗಳನ್ನು ಎಲ್ಲ ಬೋಗಿಗಳಿಗೂ ಹಂಚುವುದೇ ಯೋಜನೆಯಾಗಿತ್ತು.

ಎರಡನೆಯದು, ಎರಡು ಬೋಗಿಗಳ ಜೋಡಿ. ಒಂದು ಬೋಗಿಯ ಅಡಿಯಲ್ಲಿ ವೇಗ ನಿಯಂತ್ರಿಸುವ ಕಂಟ್ರೋಲರ್, ಅದು ಎರಡೂ ಬೋಗಿಗಳ 8 ಮೋಟರುಗಳನ್ನು ಆಳುತ್ತದೆ. ಇನ್ನೊಂದರಲ್ಲಿ ಗಾಳಿಯ ಕಂಪ್ರೆಸರ್ ಮತ್ತು ದೀಪ, ಫ್ಯಾನುಗಳಿಗೆ ಕರೆಂಟ್ ಕೊಡುವ ಮೋಟರ್-ಜನರೇಟರ್. ಬೋಗಿಗೊಂದು ಕಂಟ್ರೋಲರ್ ಕೂಡಿಸುವ ಖರ್ಚೂ ತೂಕವೂ ಉಳಿದವು.

ಮೂರನೆಯದು ಬ್ರೇಕ್. ಮೋಟರನ್ನೇ ಜನರೇಟರ್ ಮಾಡಿ, ಹುಟ್ಟಿದ ಕರೆಂಟನ್ನು ಬೋಗಿಯ ಅಡಿಯ ರೆಸಿಸ್ಟರುಗಳಲ್ಲಿ (ಕರೆಂಟನ್ನು ತಡೆದು ಶಾಖವಾಗಿಸುವ ಭಾಗಗಳು) ಉರಿಸಿ ವೇಗ ಇಳಿಸುವುದು. ಕೊನೆಯಲ್ಲಿ ಗಾಳಿ ಬ್ರೇಕ್ ಹಿಡಿಯುತ್ತದೆ. ಗಾಳಿ ಬ್ರೇಕಿಗೂ ವಿದ್ಯುತ್ ಸೂಚನೆ ಏಕಕಾಲಕ್ಕೆ ಎಲ್ಲ ಬೋಗಿಗಳಿಗೆ ತಲುಪುತ್ತದೆ. ಹಳೆಯ ಗಾಡಿಯಲ್ಲಿ ಪೈಪಿನೊಳಗಿನ ಗಾಳಿಯ ಒತ್ತಡ ಇಳಿಸಿಯೇ ಬ್ರೇಕ್ ಹಿಡಿಸಬೇಕು, ಒಮ್ಮೆ ಹಿಡಿದದ್ದನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುವುದು ಕಷ್ಟ. ಇಲ್ಲಿ ಡ್ರೈವರ್ ಹಿಡಿಕೆ ತಿರುಗಿಸಿದಷ್ಟೇ ಬ್ರೇಕ್.

ನಾಲ್ಕನೆಯದು ಬಾಗಿಲು. ಹಳೆಯದರಲ್ಲಿ 1100 ಮಿಲಿಮೀಟರ್ ಅಗಲದ ಒಂಟಿ ಬಾಗಿಲು. 101ರಲ್ಲಿ 1300 ಮಿಲಿಮೀಟರ್, ಎರಡು ಹಲಗೆ, ಎರಡೂ ಕಡೆಗೆ ಸರಿಯುತ್ತವೆ. ಒಂದೊಂದು ಹಲಗೆ ಸರಿಯಬೇಕಾದ್ದು 650 ಮಿಲಿಮೀಟರ್ ಮಾತ್ರ, ಹಾಗಾಗಿ ತೆರೆಯುವುದೂ ಮುಚ್ಚುವುದೂ ಬೇಗ. ಇಡೀ 101ರಲ್ಲಿ ಅತಿ ಹೆಚ್ಚು ಬಾಳಿಕೆ ಬಂದ ತೀರ್ಮಾನ ಇದೇ ಎನ್ನಬಹುದು: 20 ಮೀಟರ್ ಬೋಗಿ, ನಾಲ್ಕು ಬಾಗಿಲು, 1300 ಮಿಲಿಮೀಟರ್ ಎಂಬ ಲೆಕ್ಕವನ್ನು ಜಪಾನಿನ ಲೋಕಲ್ ಗಾಡಿಗಳು ಇವತ್ತಿಗೂ ಬಿಟ್ಟಿಲ್ಲ.

ಡ್ರೈವರ್ ಹಿಡಿಕೆ ತಿರುಗಿಸಿದಾಗ ಬೋಗಿಯ ಅಡಿಯಲ್ಲಿ ಏನೇನು ನಡೆಯುತ್ತದೆ?

ಡ್ರೈವರನ ಕೈಯಲ್ಲಿರುವುದು ನಾಲ್ಕು ನಾಚ್‌ಗಳ, ಅಂದರೆ ನಾಲ್ಕು ಹಂತಗಳ ಹಿಡಿಕೆ. ಮೊದಲ ನಾಚ್ ಗಾಡಿಯನ್ನು ನಿಧಾನ ಸರಿಸಲು. ಆಗ 8 ಮೋಟರುಗಳೂ ಒಂದೇ ಸರಪಳಿಯಲ್ಲಿ, ಜೊತೆಗೆ ಪೂರ್ತಿ ರೆಸಿಸ್ಟರ್. ಎರಡನೆಯ ನಾಚಿಗೆ ತಂದರೆ ಕಂಟ್ರೋಲರ್ ತಾನಾಗಿ ಒಂದೊಂದೇ ರೆಸಿಸ್ಟರನ್ನು ಕಳಚುತ್ತಾ ಹೋಗುತ್ತದೆ. ಎಲ್ಲ ಕಳಚಿದ ಮೇಲೆ ಪ್ರತಿ ಮೋಟರಿಗೆ ಸಿಗುವುದು 1500ರ ಎಂಟನೇ ಒಂದು ಪಾಲು, ಅಂದರೆ 187.5 ವೋಲ್ಟ್.

ಮೂರನೆಯ ನಾಚಿನಲ್ಲಿ ಸರಪಳಿ ಎರಡಾಗಿ ಒಡೆಯುತ್ತದೆ. ನಾಲ್ಕು ನಾಲ್ಕು ಮೋಟರುಗಳ ಎರಡು ಸಾಲು ಪಕ್ಕಪಕ್ಕದಲ್ಲಿ. ಮತ್ತೆ ರೆಸಿಸ್ಟರ್ ಸೇರಿಸಿ ಮತ್ತೆ ಕಳಚುತ್ತದೆ. ಕೊನೆಗೆ ಮೋಟರಿಗೆ 375 ವೋಲ್ಟ್. ಎಂಟಿ46 ಮೋಟರಿನ ಲೆಕ್ಕದ ವೋಲ್ಟೇಜ್ 375 ಆಗಿರುವುದು ಇದೇ ಕಾರಣಕ್ಕೆ. ನಾಲ್ಕನೆಯ ನಾಚ್ ಮೋಟರಿನ ಕಾಂತಕ್ಷೇತ್ರವನ್ನು ದುರ್ಬಲಗೊಳಿಸಿ ಇನ್ನಷ್ಟು ವೇಗ ಕೊಡುತ್ತದೆ.

ಈ ಪದ್ಧತಿಯ ದೋಷ ಎದ್ದು ಕಾಣುತ್ತದೆ. ಹೊರಡುವಾಗ ಒಂದಷ್ಟು ವಿದ್ಯುತ್ ರೆಸಿಸ್ಟರಿನಲ್ಲಿ ಶಾಖವಾಗಿ ಹೋಗುತ್ತದೆ, ನಿಲ್ಲುವಾಗ ಬ್ರೇಕಿನಿಂದ ಹುಟ್ಟಿದ್ದೂ ಅಲ್ಲೇ ಉರಿದುಹೋಗುತ್ತದೆ. ಒಂದು ಮಾರ್ಗದಲ್ಲಿ ನಿಲ್ದಾಣಗಳು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಬೇಸಿಗೆಯಲ್ಲಿ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತವರ ಕಾಲಿಗೆ ತಾಗುವ ಬಿಸಿಗಾಳಿ ಆ ರೆಸಿಸ್ಟರುಗಳದ್ದು.

ಎಲ್ಲ ಬೋಗಿಗೂ ಮೋಟರ್ ಹಾಕುವ ಯೋಜನೆಯನ್ನು ಯಾಕೆ ಕೈಬಿಟ್ಟರು?

101ರ ಬಗ್ಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ. ಮೋಟರ್ ಕೆಟ್ಟದಾಗಿತ್ತು ಎಂಬ ಮಾತು ಸರಿಯಲ್ಲ. ಮೋಟರ್ ಚೆನ್ನಾಗಿತ್ತು, ಅದಕ್ಕೆ ಊಟ ಹಾಕುವ ಶಕ್ತಿ ಮಾರ್ಗಕ್ಕೆ ಇರಲಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಮೋಟರ್ ತನ್ನ ಪೂರ್ಣ ಶಕ್ತಿಯಲ್ಲಿ ಎಳೆಯುವುದು ಸುಮಾರು 300 ಆಂಪಿಯರ್. ಒಂದು ಜೋಡಿ ಬೋಗಿಯಲ್ಲಿ ಎರಡು ಸಾಲು, ಅಂದರೆ 600. ಹತ್ತು ಬೋಗಿಯೂ ಮೋಟರ್ ಕೋಚ್ ಆದರೆ ಐದು ಜೋಡಿ, 3000 ಆಂಪಿಯರ್. 1500 ವೋಲ್ಟಿನಲ್ಲಿ ಅದು 4500 ಕಿಲೋವ್ಯಾಟ್, ಒಂದೇ ಗಾಡಿಗೆ. ಚುಓ ಮಾರ್ಗದಲ್ಲಿ ಎರಡು ನಿಮಿಷಕ್ಕೊಂದರಂತೆ ಎರಡೂ ದಿಕ್ಕಿಗೆ ಗಾಡಿ ಓಡಿಸಬೇಕೆಂಬುದು ಗುರಿ. ಹತ್ತಿರದ ನಿಲ್ದಾಣಗಳಿಂದ ನಾಲ್ಕು ಗಾಡಿ ಒಂದೇ ಹೊತ್ತಿಗೆ ಹೊರಟರೆ ತಂತಿಯಿಂದ 12,000 ಆಂಪಿಯರ್ ಹೀರುತ್ತವೆ.

ಇಷ್ಟು ಕರೆಂಟ್ ತೆಗೆದರೆ ಮೊದಲು ಆಗುವುದು ವೋಲ್ಟೇಜ್ ಕುಸಿತ. ಸಬ್‌ಸ್ಟೇಷನ್ನಿನಿಂದ ದೂರವಿರುವ ಗಾಡಿಗೆ 1500 ವೋಲ್ಟ್ ತಲುಪುವುದೇ ಇಲ್ಲ, ವೇಗ ಏರುವುದಿಲ್ಲ. ಅದಕ್ಕಿಂತ ಕಷ್ಟದ ಸಂಗತಿ ಸರ್ಕ್ಯೂಟ್ ಬ್ರೇಕರಿನದು. ಡಿಸಿ ಮಾರ್ಗದಲ್ಲಿ ದೂರದಲ್ಲೆಲ್ಲೋ ತಂತಿ ನೆಲಕ್ಕೆ ತಾಗಿದಾಗ ಹರಿಯುವ ಕರೆಂಟಿಗೂ ಒಂದು ಭಾರೀ ಗಾಡಿ ಹೊರಡುವಾಗ ಎಳೆಯುವ ಕರೆಂಟಿಗೂ ವ್ಯತ್ಯಾಸ ಕಡಿಮೆ. ಬ್ರೇಕರನ್ನು ಕೆಳಗಿನ ಮಟ್ಟಕ್ಕೆ ಇಟ್ಟರೆ ಗಾಡಿ ಹೊರಟಾಗಲೆಲ್ಲ ಮಾರ್ಗದ ಕರೆಂಟ್ ಹೋಗುತ್ತದೆ. ಮೇಲಕ್ಕೆ ಇಟ್ಟರೆ ನಿಜವಾದ ಅಪಘಾತದಲ್ಲಿ ಅದು ಬೀಳುವುದಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಸಬ್‌ಸ್ಟೇಷನ್ನುಗಳನ್ನು ಒತ್ತೊತ್ತಾಗಿ ಕಟ್ಟಬೇಕು, ಸಬ್‌ಸ್ಟೇಷನ್ನಿನಿಂದ ಮಾರ್ಗಕ್ಕೆ ಕರೆಂಟ್ ಒಯ್ಯುವ ದಪ್ಪ ಫೀಡರ್ ತಂತಿ ಎಳೆಯಬೇಕು. ಅಷ್ಟು ದುಡ್ಡು ಆಗ ಇರಲಿಲ್ಲ. ಎಲ್ಲ ಬೋಗಿಗೂ ಮೋಟರ್ ಹಾಕುವುದೂ ಕಡಿಮೆ ಖರ್ಚಿನ ಬಾಬತ್ತಾಗಿರಲಿಲ್ಲ.

ಹೀಗಾಗಿ ಮೊದಲು 10 ಮೋಟರ್ ಕೋಚುಗಳ ಗಾಡಿಯ ವೇಗೋತ್ಕರ್ಷವನ್ನೇ ಕಟ್ಟಿಹಾಕಿ ಓಡಿಸಿದರು. ಆಮೇಲೆ 8 ಮೋಟರ್ ಕೋಚ್ ಮತ್ತು 2 ಟ್ರೈಲರ್ (ಮೋಟರ್ ಇಲ್ಲದ ಬೋಗಿ). ಕೊನೆಗೆ ನಿಂತದ್ದು 6 ಮೋಟರ್ ಕೋಚ್, 4 ಟ್ರೈಲರ್. ಯೋಜನೆಯಲ್ಲಿ ಪ್ರತಿ ಸೆಕೆಂಡಿಗೂ ಗಂಟೆಗೆ ಸುಮಾರು 3.2 ಕಿಲೋಮೀಟರಿನಷ್ಟು ಏರಬೇಕಾಗಿದ್ದ ವೇಗ 2.0ಕ್ಕೆ ಇಳಿಯಿತು. ನಿಂತಲ್ಲಿಂದ ಗಂಟೆಗೆ 40 ಕಿಲೋಮೀಟರಿಗೆ ಏರಲು 12.5 ಸೆಕೆಂಡ್ ಸಾಕು ಎಂದು ಹೊರಟಿದ್ದು 20 ಸೆಕೆಂಡಿಗೆ ಬಂತು. ಪ್ರತಿ ನಿಲ್ದಾಣದಲ್ಲೂ ಇಷ್ಟು ಸಮಯ ಸೋರಿಹೋದರೆ ಎರಡು ನಿಮಿಷದ ಅಂತರದಲ್ಲಿ ಗಾಡಿ ಓಡಿಸುವವರಿಗೆ ಅದು ದೊಡ್ಡ ಮೊತ್ತ.

ರೈಲ್ವೆ ಆಸೆ ಬಿಟ್ಟಿರಲಿಲ್ಲ ಎಂಬುದಕ್ಕೆ ಟ್ರೈಲರುಗಳೇ ಸಾಕ್ಷಿ. ‘ಸಾಹಾ 101’ ಮತ್ತು ‘ಸಾಹಾ 100’ ಎಂದು ಅವನ್ನೂ ಜೋಡಿಯಾಗಿಯೇ ಕಟ್ಟಿದರು. ಮುಂದೊಂದು ದಿನ ಸಬ್‌ಸ್ಟೇಷನ್ ಬಲವಾದಾಗ ಮೋಟರ್ ಕೂಡಿಸಿ ಮೋಟರ್ ಕೋಚ್ ಮಾಡುವ ಸಿದ್ಧತೆ ಅದು. ಆ ದಿನ ಬರಲಿಲ್ಲ.

ಟ್ರೈಲರ್ ಸೇರಿಸಿದ್ದರಿಂದ ಬೇರೇನು ತೊಂದರೆ ಆಯಿತು?

ಮೋಟರ್ ಬಿಸಿಯಾಯಿತು. ಹತ್ತು ಬೋಗಿಯ ಭಾರವನ್ನು ಹತ್ತು ಬೋಗಿಯ ಮೋಟರುಗಳು ಹೊರುವ ಬದಲು ಆರು ಬೋಗಿಯವು ಹೊರಬೇಕು. ಒಂದೊಂದು ಮೋಟರಿನ ಪಾಲು 1.67 ಪಟ್ಟಾಯಿತು. ಮೋಟರಿನ ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುತ್ತದೆ: ಕರೆಂಟ್ 1.3 ಪಟ್ಟಾದರೆ ಶಾಖ 1.69 ಪಟ್ಟು. ಕರೆಂಟ್ ಹೆಚ್ಚಿಸದೆ ನಿಧಾನವಾಗಿ ವೇಗ ಏರಿಸಿದರೂ ತಪ್ಪಿದ್ದಲ್ಲ, ಆಗ ಕರೆಂಟ್ ಹರಿಯುವ ಸಮಯ ಹೆಚ್ಚುತ್ತದೆ. ಬ್ರೇಕ್ ಹಾಕುವಾಗಲೂ ಅದೇ ಮೋಟರುಗಳು ದುಡಿಯಬೇಕು. ಅವಕ್ಕೆ ಬಿಡುವೇ ಇಲ್ಲ.

ಚುಓ ಮಾರ್ಗದ ಹೊರವಲಯದಲ್ಲಿ ಇದನ್ನು ಹೇಗೋ ನಿಭಾಯಿಸಬಹುದಿತ್ತು. ಯಮನೊತೆ ವರ್ತುಲ ಮಾರ್ಗದಲ್ಲಿ ನಿಲ್ದಾಣಗಳ ಸರಾಸರಿ ಅಂತರ 1.2 ಕಿಲೋಮೀಟರ್ ಅಷ್ಟೇ. ಹೊರಡು, ನಿಲ್ಲು, ಮತ್ತೆ ಹೊರಡು. 1961ರಲ್ಲಿ 101 ಅಲ್ಲಿಗೆ ಹೋಯಿತು, ಎರಡೇ ವರ್ಷದಲ್ಲಿ ಅಲ್ಲಿಗೆಂದೇ ಬೇರೆ ಗಾಡಿ ಬೇಕೆಂಬ ತೀರ್ಮಾನವಾಯಿತು. 1963ರಲ್ಲಿ ಪ್ರಾಯೋಗಿಕವಾಗಿ, 1964ರಿಂದ ದೊಡ್ಡ ಪ್ರಮಾಣದಲ್ಲಿ ಬಂದ 103 ಸರಣಿ ಹುಟ್ಟಿದ್ದು ಹೀಗೆ.

103ರಲ್ಲಿ ಏನು ಬದಲಿಸಿದರು?

ಎಲ್ಲ ಬೋಗಿಗೂ ಮೋಟರ್ ಎಂಬ ಆದರ್ಶವನ್ನು ಬಿಟ್ಟು, ಅರ್ಧ ಮೋಟರ್ ಅರ್ಧ ಟ್ರೈಲರ್ ಎಂದು ಮೊದಲೇ ಒಪ್ಪಿಕೊಂಡು ಗಾಡಿ ಕಟ್ಟಿದರು. ಮೋಟರ್ 110 ಕಿಲೋವ್ಯಾಟಿನ ‘ಎಂಟಿ55’, ಕಡಿಮೆ ವೇಗದಲ್ಲಿ ಹೆಚ್ಚು ಎಳೆಯುವಂಥದು. ಗೇರ್ ಅನುಪಾತ 5.6ರಿಂದ 6.07ಕ್ಕೆ ಏರಿತು. ಮೋಟರ್ ಕೋಚಿನ ಗಾಲಿಯ ವ್ಯಾಸ 860ರಿಂದ 910 ಮಿಲಿಮೀಟರಿಗೆ ಏರಿತು, ದೊಡ್ಡ ಮೋಟರಿಗೆ ಜಾಗ ಬೇಕಲ್ಲ. 103ರ ಒಟ್ಟು 3447 ಬೋಗಿಗಳು ತಯಾರಾದವು. ಇದ್ದ ವಿದ್ಯುತ್ತಿಗೆ ತಕ್ಕ ಗಾಡಿ ಎಂಬುದೇ ಅದರ ಬಲ; ವೇಗ ಹೆಚ್ಚಿದ ಮೇಲೆ ಅದಕ್ಕೆ ಉಸಿರು ಸಾಲದು, ಸದ್ದೂ ಜೋರು. ದೂರ ದೂರದ ನಿಲ್ದಾಣಗಳಿರುವ ಮಾರ್ಗಗಳಿಗೂ ಅದನ್ನೇ ಹಂಚಿದ್ದು ಸರಿಯಾದ ತೀರ್ಮಾನವಲ್ಲ ಎಂದೇ ನಮ್ಮ ಅಭಿಪ್ರಾಯ.

ಹಾಗಾದರೆ 101 ಸೋತ ಗಾಡಿಯೇ?

ಇಲ್ಲ. ಅದೇ ಎಂಟಿ46 ಮೋಟರಿಗೆ ಗೇರ್ ಬದಲಿಸಿ ನೋಡಿದಾಗ ಏನೇನಾಯಿತು ನೋಡಿ. 101ರಲ್ಲಿ ಅನುಪಾತ 5.6. ಹೊರವಲಯದ 111 ಸರಣಿಯಲ್ಲಿ 4.82. ಎಕ್ಸ್‌ಪ್ರೆಸ್ 153 ಸರಣಿಯಲ್ಲಿ 4.21. ಟೋಕಿಯೊ-ಒಸಾಕಾ ನಡುವೆ 1958ರ ನವೆಂಬರ್ 1ರಂದು ಶುರುವಾದ ‘ಕೊದಾಮಾ’ ಗಾಡಿಯ 151 ಸರಣಿಯಲ್ಲಿ 3.5. ಆ 151 ಸರಣಿ 1959ರ ಜುಲೈ 31ರಂದು ಪರೀಕ್ಷಾ ಓಟದಲ್ಲಿ ಗಂಟೆಗೆ 163 ಕಿಲೋಮೀಟರ್ ಮುಟ್ಟಿತು, ಅದೂ ಕಿರಿದಾದ ಹಳಿಯ ಮೇಲೆ. ಎಂಜಿನ್ ಇಲ್ಲದೆ, ಬೋಗಿಗಳ ಅಡಿಯಲ್ಲೇ ಮೋಟರ್ ಹಂಚಿ ದೂರದ ಓಟ ಮಾಡಬಹುದು ಎಂಬ ಧೈರ್ಯ ಬಂದದ್ದು ಈ ಕುಟುಂಬದಿಂದ. 1964ರ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎಲ್ಲ ಬೋಗಿಗೂ ಮೋಟರ್ ಇತ್ತು. ಅಲ್ಲಿ ಮಾರ್ಗವನ್ನೂ ಸಬ್‌ಸ್ಟೇಷನ್ನನ್ನೂ ಗಾಡಿಗೆ ತಕ್ಕಂತೆ ಹೊಸದಾಗಿಯೇ ಕಟ್ಟಿದ್ದರು. 101ಕ್ಕೆ ಸಿಗದೆ ಹೋದದ್ದು ಅದೇ.

ಕುಮೊಹಾ, ಸಾಹಾ ಎಂದೆಲ್ಲ ಬೋಗಿಯ ಮೇಲೆ ಬರೆದಿರುವುದನ್ನು ಓದುವುದು ಹೇಗೆ?

ಕು ಎಂದರೆ ಡ್ರೈವರ್ ಕೋಣೆ ಇದೆ. ಮೊ ಎಂದರೆ ಮೋಟರ್ ಇದೆ. ಸಾ ಎಂದರೆ ಎರಡೂ ಇಲ್ಲ. ಹಾ ಎಂದರೆ ಸಾಮಾನ್ಯ ದರ್ಜೆ. ಅಲ್ಲಿಗೆ ಕುಮೊಹಾ ಎಂದರೆ ಡ್ರೈವರ್ ಕೋಣೆಯಿರುವ ಮೋಟರ್ ಕೋಚ್, ಕುಹಾ ಎಂದರೆ ಡ್ರೈವರ್ ಕೋಣೆಯಿರುವ ಟ್ರೈಲರ್. ಸಂಖ್ಯೆಯಲ್ಲಿ ನೂರರ ಸ್ಥಾನದ 1 ಎಂದರೆ ಡಿಸಿ ಗಾಡಿ. ಜೋಡಿಯ ಒಂದು ಬೋಗಿ 101, ಇನ್ನೊಂದು 100. ಅಡ್ಡಗೆರೆಯ ಆಚೆಗಿನದು ಕ್ರಮಸಂಖ್ಯೆ, ಅದು 901, 902ರಂತೆ 900ರ ಸಾಲಿನದಾಗಿದ್ದರೆ 1957ರ ಪ್ರಾಯೋಗಿಕ ಬೋಗಿ.

ಫೋಟೊದಲ್ಲಿ 101 ಯಾವುದು, 103 ಯಾವುದು ಎಂದು ಹೇಗೆ ತಿಳಿಯುವುದು?

ಮುಖ ನೋಡಿ. 101ರ ಮುಂದಿನ ಗಾಜುಗಳು ದೊಡ್ಡವು, ಕೆಳ ಅಂಚು ತಗ್ಗಿನಲ್ಲಿದೆ. 103ರಲ್ಲಿ ಆ ಅಂಚು ಮೇಲೆ ಸರಿದು ಗಾಜು ಗಿಡ್ಡವಾಗಿದೆ. ಪಕ್ಕದಿಂದ ತೆಗೆದ ಚಿತ್ರವಾದರೆ ಮೋಟರ್ ಕೋಚಿನ ಗಾಲಿಗಳ ನಡುವಿನ ಅಂತರ ನೋಡಿ: 101ರ ‘ಡಿಟಿ21’ ಚೌಕಟ್ಟಿನಲ್ಲಿ 2100 ಮಿಲಿಮೀಟರ್, 103ರ ‘ಡಿಟಿ33’ರಲ್ಲಿ 2300. ಬಣ್ಣ ನಂಬಿ ಹೋಗಬೇಡಿ, ಎರಡಕ್ಕೂ ಅವೇ ಬಣ್ಣಗಳಿದ್ದವು.

ಆ ಬಣ್ಣಗಳ ಹಿನ್ನೆಲೆ ಏನು?

ಸರ್ಕಾರಿ ರೈಲ್ವೆಯ ಲೋಕಲ್‌ಗಳು ಅದುವರೆಗೆ ಮಂಕು ಕಂದು ಬಣ್ಣದವು. 101 ಚುಓ ಮಾರ್ಗಕ್ಕೆ ಕಡು ಕಿತ್ತಳೆಯಲ್ಲಿ ಬಂತು. ಮಾರ್ಗಕ್ಕೊಂದು ಬಣ್ಣ ಎಂಬ ಪದ್ಧತಿಯ ಮೊದಲ ಹೆಜ್ಜೆ ಅದೇ. ಇವತ್ತೂ ಚುಓ ವೇಗದ ಗಾಡಿಗಳ ಉಕ್ಕಿನ ಮೈಮೇಲೆ ಅದೇ ಕಿತ್ತಳೆಯ ಪಟ್ಟಿ ಇದೆ.

ಇಲ್ಲೊಂದು ಸೊಗಸಾದ ತಿರುವಿದೆ. 1961ರಲ್ಲಿ ಯಮನೊತೆ ಮಾರ್ಗಕ್ಕೆ ಹೋದ 101ಗಳಿಗೆ ಹಳದಿ ಬಳಿದಿದ್ದರು. 103 ಹಸಿರಿನಲ್ಲಿ ಬಂದು ಅವನ್ನು ಹೊರಗೆ ಕಳಿಸಿತು. ಆ ಹಳದಿ ಬೋಗಿಗಳು ಬಣ್ಣ ಬದಲಿಸದೆ ಸೊಬು ಮಾರ್ಗದ ನಿಧಾನ ಗಾಡಿಗಳಾದವು, ಹಳದಿ ಸೊಬುವಿನ ಬಣ್ಣವಾಯಿತು. ಯಮನೊತೆಯ ಹಸಿರು, ಸೊಬುವಿನ ಹಳದಿ ಎರಡೂ ಇಂದಿಗೂ ಉಳಿದಿವೆ. ಮೋಟರ್ ಬಿಸಿಯಾಗದೆ ಇದ್ದಿದ್ದರೆ ಯಮನೊತೆ ಹಳದಿಯಾಗಿಯೇ ಇರುತ್ತಿತ್ತೇನೊ. ಒಸಾಕಾ ವರ್ತುಲ ಮಾರ್ಗದ 101ಗಳು ಕಿತ್ತಳೆ, ಕೆಇಹಿನ್-ತೊಹೊಕು ಮಾರ್ಗದಲ್ಲಿ 1970ರ ದಶಕದಲ್ಲಿ ಓಡಿದವು ಆಕಾಶನೀಲಿ.

ಏರ್‌ಕಂಡಿಷನ್ ಇತ್ತೇ?

ಕಟ್ಟುವಾಗ ಇರಲಿಲ್ಲ, ಚಾವಣಿಯಲ್ಲಿ ತಿರುಗುವ ಫ್ಯಾನ್ ಮಾತ್ರ. 1970ರ ದಶಕದಲ್ಲಿ ಒಂದಷ್ಟು ಬೋಗಿಗಳಿಗೆ ಮೇಲ್ಛಾವಣಿಯ ನಡುವೆ ಗಂಟೆಗೆ 42,000 ಕಿಲೋಕ್ಯಾಲೊರಿ ಶಾಖ ತೆಗೆಯುವ ಒಂದೇ ದೊಡ್ಡ ಎಯು75 ಯಂತ್ರ ಕೂಡಿಸಿದರು. ಯಂತ್ರ ಇಟ್ಟರೆ ಕೆಲಸ ಮುಗಿಯದು. ಅಷ್ಟು ಭಾರಕ್ಕೆ ಚಾವಣಿ ಬಲಪಡಿಸಬೇಕು, ಕರೆಂಟಿಗೆ 160 ಕೆವಿಎ ಮೋಟರ್-ಜನರೇಟರ್ ಬೇಕು. ಹಳೆಯ ಬೋಗಿಗೆ ಅಷ್ಟು ಖರ್ಚು ಸಲ್ಲದೆಂದು ಉಳಿದವನ್ನು ಹಾಗೇ ಬಿಟ್ಟರು.

1000ದ ಸಂಖ್ಯೆಯ 101ಗಳು ಯಾಕೆ ಬೇರೆ?

1973ರ ಏಪ್ರಿಲ್ 1ರಂದು ತೆರೆದ ಮುಸಾಶಿನೊ ಮಾರ್ಗದಲ್ಲಿ ಉದ್ದನೆಯ ಸುರಂಗಗಳಿವೆ. 1968ರಲ್ಲಿ ಟೋಕಿಯೊದ ಹಿಬಿಯಾ ಮೆಟ್ರೊದಲ್ಲಿ ಗಾಡಿಗೆ ಬೆಂಕಿ ಹತ್ತಿದ ಮೇಲೆ ಸುರಂಗದ ಗಾಡಿಗಳಿಗೆ ಬೆಂಕಿ ನಿರೋಧಕದ ನಿಯಮ ಬಿಗಿಯಾಯಿತು. ಇದ್ದ 101ಗಳ ಒಳಗಿನ ಸಾಮಗ್ರಿಯನ್ನು ಆ ನಿಯಮಕ್ಕೆ ತಕ್ಕಂತೆ ಬದಲಿಸಿ 1000ದ ಸಂಖ್ಯೆ ಕೊಟ್ಟರು. ಆರು ಬೋಗಿಯ ಗಾಡಿಗಳು, 1986ರವರೆಗೆ ಓಡಿದವು.

ಮುಂಬೈ ಲೋಕಲ್‌ಗೂ ಇದಕ್ಕೂ ಹೋಲಿಕೆ ಇದೆಯೇ?

ವೋಲ್ಟೇಜ್ ಒಂದೇ. ಮುಂಬೈಯಲ್ಲಿ 1925ರಿಂದ 2016ರವರೆಗೆ 1500 ವೋಲ್ಟ್ ಡಿಸಿ ಇತ್ತು. ಆದರೆ ಮುಂಬೈಯ ಹಳೆಯ ಲೋಕಲ್‌ಗಳಲ್ಲಿ ಒಂದು ಮೋಟರ್ ಕೋಚಿಗೆ ಎರಡು ಟ್ರೈಲರ್. 12 ಬೋಗಿಗೆ ನಾಲ್ಕೇ ಮೋಟರ್ ಕೋಚ್. ಆ ಗಾಡಿ ಹತ್ತಿ ಬೆಳೆದ ಕನ್ನಡಿಗರಿಗೆ ಹತ್ತಕ್ಕೆ ಹತ್ತೂ ಮೋಟರ್ ಕೋಚ್ ಎಂಬ 1957ರ ಯೋಜನೆ ಎಷ್ಟು ದೊಡ್ಡದಿತ್ತು ಎಂಬುದು ಬೇಗ ತಿಳಿಯುತ್ತದೆ. ಮುಂಬೈಯೂ ಕೊನೆಗೆ ಡಿಸಿ ಬಿಟ್ಟು 25,000 ವೋಲ್ಟ್ ಎಸಿಗೆ ಹೋಯಿತು. ವೋಲ್ಟೇಜ್ ಹೆಚ್ಚಾದರೆ ಅಷ್ಟೇ ಶಕ್ತಿಗೆ ಆಂಪಿಯರ್ ಕಡಿಮೆ ಸಾಕು.

ಯಾವ ಮಾರ್ಗದಿಂದ ಯಾವಾಗ ನಿವೃತ್ತಿಯಾಯಿತು?

ಬಣ್ಣ ಬಳಿದ ಸಾದಾ ಉಕ್ಕಿನ ಮೈಗೆ ಕಿಟಕಿಯ ಕೆಳಗೆ ಇಳಿಯುವ ನೀರೇ ಶತ್ರು. ತುಕ್ಕು ಒಳಗಿನಿಂದ ಹಿಡಿಯುತ್ತದೆ. 1979ರಿಂದ ಬೋಗಿಗಳನ್ನು ಗುಜರಿಗೆ ಹಾಕತೊಡಗಿದರು. ಚುಓ ವೇಗದ ಗಾಡಿಗಳಲ್ಲಿ 201 ಸರಣಿ ಬಂದು 1985ರಲ್ಲಿ 101ರ ಓಟ ಮುಗಿಯಿತು. ಸೊಬುವಿನಲ್ಲಿ 1988, ನಂಬು ಮುಖ್ಯ ಮಾರ್ಗದಲ್ಲಿ 1991. ಒಸಾಕಾ ಕಡೆಯವೂ 1990ರ ದಶಕದ ಆರಂಭದಲ್ಲಿ ಹೋದವು.

ಕವಾಸಾಕಿಯ ಕಾರ್ಖಾನೆಗಳ ನಡುವಿನ ತ್ಸುರುಮಿ ಮಾರ್ಗದ ಕಥೆ ಬೇರೆ. 101 ಅಲ್ಲಿಗೆ ಬಂದದ್ದು 1980ರಲ್ಲಿ, ಹೋದದ್ದು 1992ರಲ್ಲಿ. ಆದರೆ ಮುಸಾಶಿ-ಶಿರಾಯಿಶಿ ನಿಲ್ದಾಣದಲ್ಲಿ ಒಕಾವಾ ಕವಲಿನ ಪ್ಲಾಟ್‌ಫಾರ್ಮ್ ಎಷ್ಟು ಬಾಗಿತ್ತೆಂದರೆ 20 ಮೀಟರ್ ಬೋಗಿ ಅಲ್ಲಿ ಹೋಗುವಂತಿರಲಿಲ್ಲ. ಹಾಗಾಗಿ ಯುದ್ಧಕ್ಕೂ ಮುಂಚಿನ 17 ಮೀಟರ್ ಉದ್ದದ ‘ಕುಮೊಹಾ 12’ ಒಂಟಿ ಬೋಗಿಯೇ 1996ರವರೆಗೆ ಅಲ್ಲಿ ಓಡಿತು. ಹಳೆಯದನ್ನು ಹೊರಹಾಕಲು ಬಂದ 101ಕ್ಕಿಂತ ಹಳೆಯದೇ ಹೆಚ್ಚು ಬಾಳಿತು.

ಸರ್ಕಾರಿ ರೈಲ್ವೆಯ ಉತ್ತರಾಧಿಕಾರಿ ಕಂಪನಿಗಳಲ್ಲಿ ಕೊನೆಯದಾಗಿ ಉಳಿದವು ನಂಬು ಮಾರ್ಗದ ಶಿತ್ತೆ-ಹಮಾಕವಾಸಾಕಿ ಕವಲಿನ ಎರಡು ಬೋಗಿಯ ಗಾಡಿಗಳು, 2003ರ ನವೆಂಬರ್‌ವರೆಗೆ. ಒಂದು ಕುಮೊಹಾ 101, ಒಂದು ಕುಮೊಹಾ 100, ಟ್ರೈಲರ್ ಇಲ್ಲ. 1957ರಲ್ಲಿ ಯೋಚಿಸಿದ್ದ ಎಲ್ಲ ಬೋಗಿಗೂ ಮೋಟರಿನ ಗಾಡಿ ಆ 4.1 ಕಿಲೋಮೀಟರಿನ ಕವಲಿನಲ್ಲಿ ಸುಮ್ಮನೆ ಓಡಿಕೊಂಡಿತ್ತು.

ಚಿಚಿಬು ರೈಲ್ವೆಯ 1000 ಸರಣಿ ಎಂದರೆ ಇದೇನಾ?

ಇದೇ. ಟೋಕಿಯೊದ ವಾಯವ್ಯಕ್ಕೆ ಹನ್ಯೂನಿಂದ ಮಿತ್ಸುಮಿನೆಗುಚಿವರೆಗೆ 71.7 ಕಿಲೋಮೀಟರ್ ಓಡುವ, ಸುಣ್ಣದಕಲ್ಲು ಸಾಗಿಸಿ ಬದುಕಿದ ಖಾಸಗಿ ರೈಲ್ವೆ ಅದು. 1986ರಿಂದ 1989ರ ನಡುವೆ 36 ಬೋಗಿ ಕೊಂಡು ಮೂರು ಮೂರರಂತೆ 12 ಗಾಡಿ ಮಾಡಿಕೊಂಡಿತು. ಎರಡು ಮೋಟರ್, ಒಂದು ಟ್ರೈಲರ್. 2007ರಿಂದ ಕೆಲವಕ್ಕೆ ಕಿತ್ತಳೆ, ಹಳದಿ, ಆಕಾಶನೀಲಿಯಂಥ ಹಳೆಯ ಬಣ್ಣ ಮತ್ತೆ ಬಳಿದರು. ಇಂಟರ್ನೆಟ್ಟಿನಲ್ಲಿ ಸಿಗುವ 101ರ ಒಳ್ಳೆಯ ಬಣ್ಣದ ಚಿತ್ರಗಳಲ್ಲಿ ಬಹಳಷ್ಟು ಅಲ್ಲಿಯವೇ. ಮೂರೇ ಬೋಗಿ, ಹಿಂದೆ ಬೆಟ್ಟ ಕಂಡರೆ ಅದು ಚಿಚಿಬು. ಕೊನೆಯ ಗಾಡಿ 2014ರ ಮಾರ್ಚ್‌ನಲ್ಲಿ ನಿಂತಿತು, ಅದರೊಂದಿಗೆ ಓಡುವ 101 ಎಂಬುದು ಇಲ್ಲವಾಯಿತು.

ಮಾಡೆಲ್ ಜೋಡಿಸುವವರು ಏನನ್ನು ಗಮನಿಸಬೇಕು?

1:150 ಅಳತೆಯಲ್ಲಿ ಒಂದು ಬೋಗಿ ಸುಮಾರು 133 ಮಿಲಿಮೀಟರ್, ಹತ್ತು ಬೋಗಿ 1.33 ಮೀಟರ್. 1:80ರಲ್ಲಿ ಬೋಗಿ 250 ಮಿಲಿಮೀಟರ್, ಹತ್ತಕ್ಕೆ 2.5 ಮೀಟರ್ ಜಾಗ ಬೇಕು. ಹಳಿ ಅಗಲವಾಗಿ ಕಂಡರೆ ನಿಮ್ಮ ಕಣ್ಣಿನ ತಪ್ಪಲ್ಲ: 1067 ಮಿಲಿಮೀಟರ್ ಹಳಿ 1:150ರಲ್ಲಿ 7.1 ಆಗಬೇಕು, ಮಾರುಕಟ್ಟೆಯ ಹಳಿ 9.

ಚುಓ ಮಾರ್ಗದ ಗಾಡಿ ಬೇಕಾದರೆ ಹತ್ತು ಬೋಗಿಯನ್ನು ಒಂದೇ ಸರಪಳಿ ಮಾಡಬೇಡಿ. 7 ಮತ್ತು 3 ಬೋಗಿಯ ಎರಡು ತುಂಡುಗಳ ಜೋಡಣೆ ಅದು. ಏಳರಲ್ಲಿ 4 ಮೋಟರ್ 3 ಟ್ರೈಲರ್, ಮೂರರಲ್ಲಿ 2 ಮೋಟರ್ 1 ಟ್ರೈಲರ್, ಒಟ್ಟು ಸೇರಿ 6 ಮತ್ತು 4. ಎರಡು ತುಂಡು ಸೇರುವಲ್ಲಿ ಗಾಡಿಯ ನಡುವೆ ಡ್ರೈವರ್ ಕೋಣೆಗಳು ಮುಖಾಮುಖಿ ಬರಬೇಕು. ಹಳದಿ ಯಮನೊತೆ ಮಾಡುವವರು 1961-63ರ ಆಸುಪಾಸಿನ ವಾತಾವರಣ ಇಡಿ, ಚಾವಣಿಯ ಮೇಲೆ ಏರ್‌ಕಂಡಿಷನ್ ಯಂತ್ರ ಇಡಬೇಡಿ.

ಈಗ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಸೈತಾಮಾದ ಒಮಿಯಾದಲ್ಲಿ 2007ರ ಅಕ್ಟೋಬರ್ 14ರಂದು ತೆರೆದ ರೈಲ್ವೆ ಮ್ಯೂಸಿಯಂನಲ್ಲಿ ‘ಕುಮೊಹಾ 101-902’ ಇದೆ, 1957ರ ಆ ಹತ್ತು ಪ್ರಾಯೋಗಿಕ ಬೋಗಿಗಳಲ್ಲಿ ಒಂದು. ಒಮಿಯಾ ನಿಲ್ದಾಣದಿಂದ ನ್ಯೂ ಶಟಲ್ ಗಾಡಿಯಲ್ಲಿ ಒಂದೇ ನಿಲ್ದಾಣ. ಮ್ಯೂಸಿಯಂಗೆ ಸಾಮಾನ್ಯವಾಗಿ ಮಂಗಳವಾರ ರಜೆ. ಬೋಗಿಯ ಬಣ್ಣ ನೋಡಿ ಮುಂದೆ ಹೋಗದೆ ಬಗ್ಗಿ ಕೆಳಗೂ ನೋಡಿ. ಡಿಟಿ21 ಚೌಕಟ್ಟು ಅಲ್ಲಿದೆ, ಗಾಲಿಗಳ ನಡುವೆ ಎಷ್ಟು ಕಡಿಮೆ ಜಾಗದಲ್ಲಿ ಮೋಟರನ್ನು ಕೂಡಿಸಬೇಕಾಗಿತ್ತು ಎಂಬುದು ಅಲ್ಲಿ ನಿಂತರೆ ತಿಳಿಯುತ್ತದೆ.